ನಲವತ್ತು ಸೆಂಟಿನ ಲೆಕ್ಕ

ಮೊದಲು ಒಂದು ಲೆಕ್ಕ ಹೇಳ್ತೀನಿ. ಗಾಬರಿಯಾಗಬೇಡಿ. ಇದು ಇಂಜಿನಿಯರಿಂಗ್ ಓದಿದವನ ಲೆಕ್ಕ ಅಲ್ಲ, ಸಂತೆಯ ಲೆಕ್ಕ.

ನೀವೂ, ನಿಮ್ಮ ಪಕ್ಕದ ತೋಟದವನೂ ಟೊಮೆಟೊ ಬೆಳೀತೀರಿ ಅಂದ್ಕೊಳ್ಳಿ. ಇಬ್ಬರ ಮಾಲೂ ಒಂದೇ ಲಾರಿಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತೆ. ಕ್ರೇಟಿಗೆ 80 ರೂಪಾಯಿ ಬಾಡಿಗೆ. ನೀವು 80 ಕೊಡ್ತೀರಿ. ಪಕ್ಕದವನೂ ಎಲ್ಲರೆದುರು 80 ಕೊಡ್ತಾನೆ, ಆದರೆ ಲಾರಿ ಮಾಲೀಕ ಅವನಿಗೆ ಹಿಂದಿನ ಬಾಗಿಲಲ್ಲಿ 40 ವಾಪಸ್ ಕೊಡ್ತಾನೆ. ಅನ್ಯಾಯ ನಿಜ. ಆದರೂ ದೊಡ್ಡ ಗಿರಾಕಿ, ಏನೋ ರಿಯಾಯಿತಿ ಅಂತ ಸಮಾಧಾನ ಮಾಡ್ಕೋಬಹುದು. ಈಗ ಎರಡನೇ ಭಾಗ ಕೇಳಿ. ನೀವು ಕೊಟ್ಟ 80 ಇದೆಯಲ್ಲ, ಅದರಲ್ಲೂ 40 ತೆಗೆದು ಲಾರಿ ಮಾಲೀಕ ಪಕ್ಕದವನ ಜೇಬಿಗೇ ಹಾಕ್ತಾನೆ! ನೀವು ಹೆಚ್ಚು ಬೆಳೆದಷ್ಟೂ ಅವನು ಶ್ರೀಮಂತ. ನಿಮ್ಮನ್ನು ಮುಗಿಸೋದಕ್ಕೆ ಬೇಕಾದ ಬಂಡವಾಳವನ್ನು ನೀವೇ ತಿಂಗಳು ತಿಂಗಳು ಕಟ್ಟಿಕೊಡ್ತಾ ಇರ್ತೀರಿ.

ಟೊಮೆಟೊ ಜಾಗದಲ್ಲಿ ಕಚ್ಚಾ ಎಣ್ಣೆ ಇಡಿ. ಲಾರಿ ಜಾಗದಲ್ಲಿ ರೈಲು, ರೂಪಾಯಿ ಜಾಗದಲ್ಲಿ ಸೆಂಟ್. 1872ರ ಅಮೆರಿಕ ಬಂತು. ಪೆನ್ಸಿಲ್ವೇನಿಯಾದ ಎಣ್ಣೆ ಸೀಮೆಯಿಂದ ಕ್ಲೀವ್‌ಲ್ಯಾಂಡ್ ನಗರಕ್ಕೆ ಒಂದು ಬ್ಯಾರೆಲ್ ಸಾಗಿಸಲು 80 ಸೆಂಟ್. ‘ಸೌತ್ ಇಂಪ್ರೂವ್‌ಮೆಂಟ್ ಕಂಪನಿ’ ಅನ್ನುವ ಕೂಟದ ಸದಸ್ಯರಿಗೆ 40 ಸೆಂಟ್ ವಾಪಸ್. ಕೂಟದ ಹೊರಗಿನವರು ಸಾಗಿಸುವ ಪ್ರತಿ ಬ್ಯಾರೆಲ್ಲಿಗೂ ಮತ್ತೆ 40 ಸೆಂಟ್ ಕೂಟಕ್ಕೇ. ಮೂರು ದೊಡ್ಡ ರೈಲ್ವೆ ಕಂಪನಿಗಳು ಇದಕ್ಕೆ ಸಹಿ ಹಾಕಿದ್ದವು. ಕೂಟದ ಒಳಗಿದ್ದವರಲ್ಲಿ ಒಬ್ಬನಿಗೆ ಆಗ ವಯಸ್ಸು 32. ಹೆಸರು ಜಾನ್ ಡಿ. ರಾಕ್‌ಫೆಲ್ಲರ್. ಕಂಪನಿ, ಸ್ಟ್ಯಾಂಡರ್ಡ್ ಆಯಿಲ್.

ಈ ಲೆಕ್ಕವನ್ನು ಮೂವತ್ತು ವರ್ಷದ ನಂತರ ಇಡೀ ದೇಶಕ್ಕೆ ಬಿಡಿಸಿ ಹೇಳಿದವಳು ಒಬ್ಬ ಹೆಂಗಸು. ವೋಟು ಹಾಕುವ ಹಕ್ಕು ಕೂಡ ಆಕೆಗೆ ಇರಲಿಲ್ಲ. ಅವಳ ಹೆಸರು ಐಡಾ ಟಾರ್ಬೆಲ್. ನಮ್ಮ ವೃತ್ತಿಯಲ್ಲಿ ದಿನಕ್ಕೆ ಹತ್ತು ಸಲ ‘ಎಕ್ಸ್‌ಕ್ಲೂಸಿವ್’, ‘ಇನ್ವೆಸ್ಟಿಗೇಶನ್’ ಅಂತ ಕೂಗ್ತೀವಲ್ಲ, ಆ ಕೆಲಸವನ್ನು ನಿಜವಾಗಿ ಮಾಡಿ ತೋರಿಸಿದವರಲ್ಲಿ ಈಕೆ ಮೊದಲ ಸಾಲಿನವಳು.

ಸ್ವಲ್ಪ ಹಿಂದೆ ಹೋಗೋಣ. 1859ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬ ಸಣ್ಣ ಊರಿನ ಹತ್ತಿರ ಎಡ್ವಿನ್ ಡ್ರೇಕ್ ಅನ್ನುವವನು ಕೊರೆಸಿದ ಬಾವಿಯಲ್ಲಿ ಎಣ್ಣೆ ಸಿಕ್ತು. ಆಳ 70 ಅಡಿಯೂ ಇರಲಿಲ್ಲ. ಕೋಲಾರದವರಿಗೆ ಇದನ್ನು ಹೇಳಿದರೆ ನಗ್ತಾರೆ, ಅಲ್ಲಿ ನೀರಿಗೇ ಸಾವಿರ ಅಡಿ ಕೊರೆದರೂ ಧೂಳು ಬರುತ್ತೆ. ಸರಿ, ಎಣ್ಣೆ ಸಿಕ್ಕಿದ ಮೇಲೆ ಕೇಳಬೇಕೇ? ಜನ ಮುಗಿಬಿದ್ದರು. ಎಣ್ಣೆ ತುಂಬಿಡಲು ಪಾತ್ರೆ ಇಲ್ಲ. ಫ್ರಾಂಕ್ಲಿನ್ ಟಾರ್ಬೆಲ್ ಎಂಬ ಬಡಗಿ ಕೆಲಸ ಬಲ್ಲ ಮನುಷ್ಯ ದೊಡ್ಡ ದೊಡ್ಡ ಮರದ ತೊಟ್ಟಿಗಳನ್ನು ಮಾಡಿ ಮಾರಲು ಶುರು ಮಾಡಿದ. ಕೈತುಂಬ ದುಡ್ಡು. ಅವನ ಮಗಳೇ ಐಡಾ. ಪಿಟ್‌ಹೋಲ್ ಅನ್ನುವ ಊರು ಎಣ್ಣೆಯ ಅಬ್ಬರಕ್ಕೆ ರಾತ್ರೋರಾತ್ರಿ ಎದ್ದು ಅಷ್ಟೇ ಬೇಗ ಬಿದ್ದು ಹೋದಾಗ, ಅಲ್ಲಿನ ಒಂದು ಭರ್ಜರಿ ಹೋಟೆಲನ್ನು ಈ ಫ್ರಾಂಕ್ಲಿನ್ 600 ಡಾಲರ್‌ಗೆ ಕೊಂಡು, ಬಿಚ್ಚಿಸಿ, ಅದರ ಮರ, ಕಿಟಕಿ, ಬಾಗಿಲಲ್ಲೇ ಟೈಟಸ್‌ವಿಲ್‌ನಲ್ಲಿ ತನ್ನ ಮನೆ ಕಟ್ಟಿದ. ಆ ಮನೆಯಲ್ಲಿ ಐಡಾ ಬೆಳೆದಳು.

ಆಕೆಗೆ 14 ವರ್ಷವಾಗಿದ್ದಾಗ, ಅಂದರೆ 1872ರ ಫೆಬ್ರವರಿಯಲ್ಲಿ, ಏಕಾಏಕಿ ರೈಲು ಬಾಡಿಗೆ ಏರಿದ ಸುದ್ದಿ ಬಂತು. ಒಪ್ಪಂದ ಪೂರ್ತಿ ಜಾರಿಯಾಗುವ ಮೊದಲೇ ಗುಟ್ಟು ರಟ್ಟಾಗಿತ್ತು. ಎಣ್ಣೆ ಸೀಮೆ ಹೊತ್ತಿ ಉರಿಯಿತು. ಮೆರವಣಿಗೆ, ಸಭೆ, ಕೂಟಕ್ಕೆ ಒಂದು ತೊಟ್ಟು ಎಣ್ಣೆಯನ್ನೂ ಮಾರಲ್ಲ ಅನ್ನುವ ಆಣೆ. ಫ್ರಾಂಕ್ಲಿನ್ ಆ ಗುಂಪಿನಲ್ಲಿದ್ದ. ಎರಡೇ ತಿಂಗಳಲ್ಲಿ ರಾಜ್ಯದ ಶಾಸನಸಭೆ ಕೂಟದ ಪರವಾನಗಿಯನ್ನೇ ರದ್ದು ಮಾಡಿತು. ಜನ ಗೆದ್ದರು ಅಂತ ತಾನೇ ಅಂದ್ಕೊಂಡ್ರಿ?

ಅದೇ ಕೆಲವು ವಾರಗಳಲ್ಲಿ, ಬಾಡಿಗೆಯ ಭಯ ಎಲ್ಲರ ತಲೆಯ ಮೇಲೆ ತೂಗುತ್ತಿದ್ದಾಗಲೇ, ರಾಕ್‌ಫೆಲ್ಲರ್ ಕ್ಲೀವ್‌ಲ್ಯಾಂಡ್‌ನಲ್ಲಿದ್ದ 26 ಪ್ರತಿಸ್ಪರ್ಧಿ ಸಂಸ್ಕರಣಾ ಘಟಕಗಳಲ್ಲಿ 22ನ್ನು ಕೊಂಡು ಮುಗಿಸಿದ್ದ. ಕೂಟ ಸತ್ತಿತು, ಅದರ ಕೆಲಸ ಆಗಿಹೋಗಿತ್ತು. 1880ರ ಹೊತ್ತಿಗೆ ಅಮೆರಿಕದ ಎಣ್ಣೆ ಸಂಸ್ಕರಣೆಯಲ್ಲಿ ಸುಮಾರು ಶೇ. 90 ಭಾಗ ಸ್ಟ್ಯಾಂಡರ್ಡ್ ಆಯಿಲ್ ಹಿಡಿತದಲ್ಲಿತ್ತು. ಫ್ರಾಂಕ್ಲಿನ್ ಕಥೆ? ಅವನ ವ್ಯಾಪಾರದ ಪಾಲುದಾರ ಗುಂಡು ಹಾರಿಸಿಕೊಂಡು ಸತ್ತ. ಸಾಲ ತೀರಿಸಲು ಫ್ರಾಂಕ್ಲಿನ್ ಆ ಮನೆಯನ್ನು ಅಡವಿಡಬೇಕಾಯ್ತು.

ಇಲ್ಲಿ ನಮ್ಮದೂ ಒಂದು ಎಳೆ ಇದೆ. ನಮ್ಮಜ್ಜಿ ಮನೆಯ ಅಟ್ಟದ ಮೇಲೆ ಒಂದು ಚೌಕನೆಯ ತಗಡಿನ ಡಬ್ಬ ಇತ್ತು. ಅಜ್ಜಿ ಅದರಲ್ಲಿ ಹುಣಸೆಹಣ್ಣು ತುಂಬಿಡುತ್ತಿದ್ದರು. ಹೆಸರು ಮಾತ್ರ ‘ಸೀಮೆಎಣ್ಣೆ ಡಬ್ಬ’. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಹೀಗೆ ಪರದೇಶದಿಂದ ಬಂದದ್ದೆಲ್ಲ ನಮಗೆ ಸೀಮೆಯದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಭಾರತಕ್ಕೆ ಬರುತ್ತಿದ್ದ ಸೀಮೆಎಣ್ಣೆಯಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಮಾಲೂ ಇತ್ತು, ರಷ್ಯಾದ ಎಣ್ಣೆ ಮತ್ತು ಬರ್ಮಾ ಎಣ್ಣೆಯ ಜೊತೆ ಜಿದ್ದಿಗೆ ಬಿದ್ದು ಮಾರುತ್ತಿದ್ದರು. ರಫ್ತಿನ ಐದು ಗ್ಯಾಲನ್ ಡಬ್ಬಗಳಿಗೆ ಬೆಸುಗೆ ಹಾಕುವುದನ್ನು ರಾಕ್‌ಫೆಲ್ಲರ್ ಒಂದು ದಿನ ನಿಂತು ನೋಡಿದ. ಡಬ್ಬಕ್ಕೆ ಎಷ್ಟು ಹನಿ ಬೆಸುಗೆ? 40. 38ರಲ್ಲಿ ಮಾಡಿ ನೋಡಿ ಅಂದ. ಕೆಲವು ಡಬ್ಬ ಸೋರಿದವು. 39? ಒಂದೂ ಸೋರಲಿಲ್ಲ. ಅವತ್ತಿಂದ 39 ಹನಿ. ನಾನು ಮೆಕ್ಯಾನಿಕಲ್ ಓದಿದವನು, ಈ ಕಥೆ ಓದಿದಾಗ ನನಗರಿವಿಲ್ಲದೆ ಭೇಷ್ ಅಂದೆ. ಈ ಮನುಷ್ಯ ಬರೀ ಮೋಸಗಾರನಾಗಿದ್ದರೆ ಕಥೆ ಬಹಳ ಸುಲಭವಾಗಿರುತ್ತಿತ್ತು.

ಈಗ 1902ಕ್ಕೆ ಬನ್ನಿ. ಅಧ್ಯಕ್ಷ ಮೆಕಿನ್ಲಿಯ ಹತ್ಯೆಯಾಗಿ ವರ್ಷ ಕಳೆಯುತ್ತಿದೆ. ಉಪಾಧ್ಯಕ್ಷನಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿದ್ದಾನೆ. ಉಕ್ಕು, ರೈಲು, ಸಕ್ಕರೆ, ಎಣ್ಣೆ, ಏನೇ ಹೇಳಿ, ಒಂದೊಂದಕ್ಕೂ ಒಂದೊಂದು ‘ಟ್ರಸ್ಟ್’. ಕಂಪನಿಗಳನ್ನೆಲ್ಲ ಒಂದೇ ಮುಷ್ಟಿಗೆ ತರುವ ವ್ಯವಸ್ಥೆಗೆ ಅವರು ಇಟ್ಟ ಹೆಸರು ಟ್ರಸ್ಟ್, ಅಂದರೆ ನಂಬಿಕೆ! ಇವರನ್ನು ತಡೆಯಲು 1890ರಲ್ಲೇ ಶರ್ಮನ್ ಕಾಯ್ದೆ ಬಂದಿತ್ತು. ಕಾಯ್ದೆ ಪುಸ್ತಕದಲ್ಲಿತ್ತು, ಟ್ರಸ್ಟುಗಳು ಪೇಟೆಯಲ್ಲಿದ್ದವು.

ನ್ಯೂಯಾರ್ಕಿನ ‘ಮೆಕ್ಲೂರ್ಸ್’ ಮಾಸಪತ್ರಿಕೆಯ ಕಚೇರಿಯಲ್ಲಿ ಐಡಾ ಟಾರ್ಬೆಲ್ ಸಂಪಾದಕ ವರ್ಗದಲ್ಲಿದ್ದಳು. ಕಾಲೇಜಿನಲ್ಲಿ ತನ್ನ ತರಗತಿಗೆ ಒಬ್ಬಳೇ ಹುಡುಗಿಯಾಗಿ ಓದಿದವಳು, ಪ್ಯಾರಿಸ್‌ನಲ್ಲಿ ಕಷ್ಟಪಟ್ಟು ಬರೆದು ಬದುಕಿದವಳು. ಲಿಂಕನ್ ಬಗ್ಗೆ ಆಕೆ ಬರೆದ ಸರಣಿ ಪತ್ರಿಕೆಯ ಪ್ರಸಾರವನ್ನು ಏರಿಸಿತ್ತು. ಟ್ರಸ್ಟ್‌ಗಳ ಬಗ್ಗೆ ಬರೆಯಬೇಕು ಅಂತಾದಾಗ ಅವಳು ಆರಿಸಿಕೊಂಡದ್ದು ಎಣ್ಣೆಯನ್ನು. ಮೂರು ಕಂತು ಅಂತ ಯೋಜನೆ. ಅಪ್ಪನಿಗೆ ಹೇಳಿದಾಗ ಬೇಡ ಮಗಳೇ, ಅವರು ನಿಮ್ಮ ಪತ್ರಿಕೆಯನ್ನೇ ಮುಳುಗಿಸ್ತಾರೆ ಅಂತ ಅವನು ತಡೆದ. ಆಕೆ ನಿಲ್ಲಲಿಲ್ಲ.

ಆಕೆ ಮಾಡಿದ ಕೆಲಸ ಎಂಥದ್ದು ಅನ್ನೋದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ಟಿಂಗ್ ಆಪರೇಷನ್ ಇಲ್ಲ, ಗುಟ್ಟಿನ ಕ್ಯಾಮೆರಾ ಇಲ್ಲ. ಸ್ಟ್ಯಾಂಡರ್ಡ್ ಆಯಿಲ್ ಮೇಲೆ ಮೂವತ್ತು ವರ್ಷಗಳಿಂದ ಬೇರೆ ಬೇರೆ ರಾಜ್ಯಗಳಲ್ಲಿ ಕೇಸುಗಳು ನಡೆದಿದ್ದವು. ಸಂಸತ್ತಿನ ಸಮಿತಿಗಳು ವಿಚಾರಣೆ ಮಾಡಿದ್ದವು. ಸಾಕ್ಷಿ ಹೇಳಿಕೆಗಳು, ಅಫಿಡವಿಟ್‌ಗಳು, ಬಾಡಿಗೆ ಪಟ್ಟಿಗಳು ಕೋರ್ಟುಗಳಲ್ಲಿ, ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿದ್ದವು. ಬಹುಪಾಲು ಯಾರು ಬೇಕಾದರೂ ನೋಡಬಹುದಾದ ಕಾಗದಗಳು. ಆಕೆ ಕೂತು ಓದಿದಳು. ಸೌತ್ ಇಂಪ್ರೂವ್‌ಮೆಂಟ್ ಕಂಪನಿಯ ವಿಚಾರಣೆಯನ್ನು ದಾಖಲಿಸಿದ ಒಂದು ಕಿರುಪುಸ್ತಿಕೆ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ, ಕಂಪನಿಯೇ ಪ್ರತಿಗಳನ್ನು ಕೊಂಡು ಸುಟ್ಟಿದೆ ಅನ್ನುವ ಮಾತಿತ್ತು. ಕೊನೆಗೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಪ್ರತಿ ಸಿಕ್ಕಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಜಾನ್ ಸಿಡಾಲ್ ಎಂಬ ಯುವಕ ಆಕೆಗೆ ಸಹಾಯಕನಾಗಿ ಬೀದಿ ಬೀದಿ ಅಲೆದು ವಿವರ ಕಳಿಸುತ್ತಿದ್ದ.

ಇನ್ನೊಂದು ಆಶ್ಚರ್ಯ ಕೇಳಿ. ಲೇಖಕ ಮಾರ್ಕ್ ಟ್ವೈನ್ ನಡುವೆ ನಿಂತು ಪರಿಚಯ ಮಾಡಿಸಿ, ಸ್ಟ್ಯಾಂಡರ್ಡ್ ಆಯಿಲ್‌ನ ಪ್ರಭಾವಿ ನಿರ್ದೇಶಕ ಹೆನ್ರಿ ರೋಜರ್ಸ್ ಆಕೆಯ ಜೊತೆ ಮಾತಿಗೆ ಒಪ್ಪಿದ. ಒಂದು ಸಲ ಅಲ್ಲ, ಹತ್ತಿರ ಹತ್ತಿರ ಎರಡು ವರ್ಷ, ಬ್ರಾಡ್‌ವೇ 26ನೇ ನಂಬರಿನ ಕಂಪನಿ ಕಟ್ಟಡದಲ್ಲೇ ಭೇಟಿಗಳು ನಡೆದವು. ಈ ರೋಜರ್ಸ್ ಕೂಡ ಒಂದು ಕಾಲದಲ್ಲಿ ಎಣ್ಣೆ ಸೀಮೆಯ ಸಣ್ಣ ವ್ಯಾಪಾರಿ, ಐಡಾ ಮಗುವಾಗಿದ್ದಾಗ ಅದೇ ಊರಲ್ಲಿದ್ದವನು. ಆಕೆ ದಾಖಲೆ ಮುಂದಿಟ್ಟು ಕೇಳುವಳು, ಅವನು ಕಂಪನಿಯ ಪಕ್ಷ ಹೇಳುವನು, ಆಕೆ ಅದನ್ನೂ ಬರೆದುಕೊಳ್ಳುವಳು.

ಆಮೇಲೆ ಆ ಹುಡುಗನ ಪ್ರಸಂಗ. ಸ್ಟ್ಯಾಂಡರ್ಡ್ ಆಯಿಲ್‌ನ ಒಂದು ಕಚೇರಿಯಲ್ಲಿ ಹಳೆಯ ಕಾಗದ ಸುಡುವ ಕೆಲಸ ಒಬ್ಬ ಹದಿಹರೆಯದ ಹುಡುಗನದು. ಒಂದು ರಾತ್ರಿ ಸುಡಬೇಕಾದ ಕಾಗದದಲ್ಲಿ ಪರಿಚಯದ ಹೆಸರು ಕಾಣಿಸಿತು. ಅದು ಚರ್ಚಿನ ಭಾನುವಾರದ ಶಾಲೆಯಲ್ಲಿ ಅವನಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರ ಹೆಸರು. ಆ ಮೇಷ್ಟ್ರು ಸ್ವತಂತ್ರ ಎಣ್ಣೆ ವ್ಯಾಪಾರಿಯೂ ಆಗಿದ್ದರು. ಹುಡುಗ ಕಾಗದಗಳನ್ನು ಅವರಿಗೆ ಕೊಟ್ಟ, ಅವರಿಂದ ಅವು ಟಾರ್ಬೆಲ್ ಕೈಗೆ ಬಂದವು. ರೈಲ್ವೆ ಗುಮಾಸ್ತರು ಪ್ರತಿಸ್ಪರ್ಧಿಗಳ ಎಣ್ಣೆ ಯಾವಾಗ, ಯಾರಿಗೆ, ಎಷ್ಟು ಹೋಗುತ್ತಿದೆ ಅಂತ ಸ್ಟ್ಯಾಂಡರ್ಡ್ ಆಯಿಲ್‌ಗೆ ವರದಿ ಮಾಡುತ್ತಿದ್ದರು. ವರದಿ ಸಿಕ್ಕ ಕೂಡಲೇ ಕಂಪನಿಯ ಏಜೆಂಟ್ ಆ ಅಂಗಡಿಗೆ ಹೋಗಿ ಬೆಲೆ ಇಳಿಸಿ, ಇಲ್ಲವೇ ಹೆದರಿಸಿ, ಆರ್ಡರ್ ರದ್ದು ಮಾಡಿಸುತ್ತಿದ್ದ. 1872ರದು ಹಳೇ ಪಾಪ, ಈಗ ನಾವು ಶುದ್ಧ ಅನ್ನುವ ವಾದ ಅಲ್ಲಿಗೆ ಬಿದ್ದುಹೋಯ್ತು. ಈ ಕಂತು ಅಚ್ಚಾದ ಮೇಲೆ ರೋಜರ್ಸ್ ಜೊತೆಗಿನ ಮಾತುಕತೆಯೂ ಮುಗೀತು.

ಮೂರು ಕಂತು 19 ಆಯ್ತು. 1902ರ ನವೆಂಬರಿನಿಂದ 1904ರ ಅಕ್ಟೋಬರ್‌ವರೆಗೆ. ವಿಷಯ ಏನು? ಸರಕು ಸಾಗಣೆಯ ಬಾಡಿಗೆ. ಜನ ಅದಕ್ಕಾಗಿ ಪತ್ರಿಕೆ ಕಾಯುತ್ತಿದ್ದರು!

ಇದನ್ನು ಬರೆಯುವಾಗ ನನಗೆ ನನ್ನದೇ ಒಂದು ಸಂಗತಿ ಚುಚ್ಚುತ್ತೆ. ಈ ಕೆಲಸಕ್ಕೆ ಸೇರಿದ ಹೊಸತು. ಒಂದು ರಸ್ತೆ ಕಾಮಗಾರಿಯ ಲೆಕ್ಕಪರಿಶೋಧನಾ ವರದಿ ಕೈಗೆ ಬಂತು, ಇನ್ನೂರು ಚಿಲ್ಲರೆ ಪುಟ. ಇಂಜಿನಿಯರ್ ಅಲ್ವಾ, ಜಲ್ಲಿ, ಡಾಂಬರಿನ ಅಳತೆ ನೋಡಿದ ಕೂಡಲೇ ಎರಡು ಕೋಷ್ಟಕ ತಾಳೆಯಾಗ್ತಿಲ್ಲ ಅಂತ ಗೊತ್ತಾಯ್ತು. ಓಡಿಹೋಗಿ ಡೆಸ್ಕಿಗೆ ಹೇಳಿದೆ. ಬೈಟ್ ಇದೆಯಾ, ವಿಶುವಲ್ ಇದೆಯಾ ಅಂತ ಕೇಳಿದರು. ಇರಲಿಲ್ಲ. 35 ಸೆಕೆಂಡಿನ ಸುದ್ದಿಯಾಯ್ತು. ಅವತ್ತು ಒಂದು ಮನೆಯ ಬಾತ್‌ರೂಮಿಗೆ ಹಾವು ಹೊಕ್ಕಿದ್ದನ್ನು ನಾವು ಅರ್ಧ ಗಂಟೆ ತೋರಿಸಿದೆವು. ಡೆಸ್ಕಿನವರನ್ನು ದೂರಿ ಏನು ಪ್ರಯೋಜನ? ಮರುದಿನ ಆ ವರದಿಯನ್ನು ಮತ್ತೆ ತೆರೆದು ನೋಡದೇ ಇದ್ದವನು ನಾನೇ.

ಟಾರ್ಬೆಲ್ ಬರಹದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಯಾವುದು ಗೊತ್ತಾ? ಸ್ಟ್ಯಾಂಡರ್ಡ್ ಆಯಿಲ್‌ನ ನ್ಯಾಯವಾದ ಹಿರಿಮೆಗೇ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾಳೆ. ಅವರ ಸಂಘಟನೆ, ಮಿತವ್ಯಯ, ಒಂದನ್ನೂ ಪೋಲು ಮಾಡದ ಶಿಸ್ತು, ಎಲ್ಲವನ್ನೂ ಹೊಗಳಿದ್ದಾಳೆ. ಅವಳ ವಾದ ಇಷ್ಟೇ: ಇಷ್ಟು ಜಾಣರಾದ ನೀವು ನೇರವಾಗಿ ಆಡಿದರೂ ಗೆಲ್ಲುತ್ತಿದ್ದಿರಿ, ಆದರೂ ದಾಳಕ್ಕೆ ಸೀಸ ತುಂಬಿದಿರಿ. ತನ್ನ ಅಪ್ಪನ ಮನೆ ಅಡವಿಡಿಸಿದ ಕಂಪನಿಯ ಬಗ್ಗೆ ಬರೆಯುತ್ತಾ ಇಷ್ಟು ತೂಕ ತಪ್ಪದಿರೋದು ಸಣ್ಣ ಮಾತಲ್ಲ. ತಪ್ಪಲೇ ಇಲ್ಲ ಅಂತಲೂ ಅಲ್ಲ. 1905ರಲ್ಲಿ ಆಕೆ ರಾಕ್‌ಫೆಲ್ಲರ್‌ನ ವ್ಯಕ್ತಿಚಿತ್ರ ಬರೆದಳು. ಅವನನ್ನು ಚರ್ಚಿನಲ್ಲಿ ಹೋಗಿ ನೋಡಿ ಬಂದು ಬರೆದದ್ದು. ಕಾಯಿಲೆಯಿಂದ ಅವನ ಮೈಮೇಲಿನ ಕೂದಲೆಲ್ಲ ಉದುರಿತ್ತು. ಆ ಮುಖವನ್ನು ಆಕೆ ನಿರ್ದಯವಾಗಿ ವರ್ಣಿಸಿದಳು, ಅವನ ಅಪ್ಪನ ಹಳೇ ಹಗರಣಗಳನ್ನೂ ಎಳೆದಳು. ಬಾಡಿಗೆ ಪಟ್ಟಿಗೂ ಬೋಳು ತಲೆಗೂ ಏನು ಸಂಬಂಧ? ಈ ಒಂದು ಬರಹದಲ್ಲಿ ಆಕೆ ಜಾರಿದಳು ಅನ್ನೋದು ನನ್ನ ಅಭಿಪ್ರಾಯ. ರಾಕ್‌ಫೆಲ್ಲರ್ ಮಾತ್ರ ಕೊನೆವರೆಗೂ ಬಾಯಿ ಬಿಡಲಿಲ್ಲ. ಸಾರ್ವಜನಿಕವಾಗಿ ಒಂದು ಉತ್ತರವನ್ನೂ ಕೊಡಲಿಲ್ಲ. ಖಾಸಗಿಯಾಗಿ ಆಕೆಯ ಹೆಸರನ್ನು ತಿರುಚಿ ‘ಮಿಸ್ ಟಾರ್‌ಬ್ಯಾರೆಲ್’, ಅಂದರೆ ಡಾಂಬರಿನ ಪೀಪಾಯಿ, ಅಂತ ಗೇಲಿ ಮಾಡುತ್ತಿದ್ದನಂತೆ. ಆ ಮೌನ ಅವನಿಗೆ ದುಬಾರಿಯಾಯ್ತು. ಉತ್ತರ ಇಲ್ಲ ಅಂದರೆ ಆರೋಪ ನಿಜ ಅಂತ ಜನ ತಿಳಿದರು.

ಸರ್ಕಾರ ಮೈಕೊಡವಿ ಎದ್ದಿತು. 1903ರಲ್ಲೇ ರೈಲ್ವೆ ರಿಯಾಯಿತಿಗಳನ್ನು ನಿಷೇಧಿಸುವ ಎಲ್ಕಿನ್ಸ್ ಕಾಯ್ದೆ, 1906ರಲ್ಲಿ ಇನ್ನೂ ಬಿಗಿಯಾದ ಹೆಪ್‌ಬರ್ನ್ ಕಾಯ್ದೆ. ಸರ್ಕಾರದ್ದೇ ತನಿಖಾ ವರದಿ ಬಂದು, ಗುಟ್ಟಿನ ರಿಯಾಯಿತಿ ಇನ್ನೂ ನಡೀತಿದೆ ಅಂದಿತು. 1907ರಲ್ಲಿ ಷಿಕಾಗೋದ ನ್ಯಾಯಾಧೀಶ ಲ್ಯಾಂಡಿಸ್ 1,462 ವ್ಯಾಗನ್ ಲೋಡುಗಳಿಗೆ ಲೋಡಿಗೆ 20,000 ಡಾಲರ್‌ನಂತೆ ದಂಡ ಹಾಕಿದ. ಗುಣಿಸಿ ನೋಡಿ, 2 ಕೋಟಿ 92 ಲಕ್ಷ 40 ಸಾವಿರ ಡಾಲರ್! ರಾಕ್‌ಫೆಲ್ಲರ್‌ಗೆ ಸುದ್ದಿ ತಲುಪಿದಾಗ ಗಾಲ್ಫ್ ಆಡುತ್ತಿದ್ದ. ಈ ದಂಡ ಕಟ್ಟುವ ಹೊತ್ತಿಗೆ ಆ ಜಡ್ಜ್ ಸತ್ತು ಬಹಳ ಕಾಲ ಆಗಿರುತ್ತೆ ಅನ್ನುವ ಅರ್ಥದ ಮಾತಾಡಿ ಆಟ ಮುಂದುವರಿಸಿದನಂತೆ. ಮರುವರ್ಷ ಮೇಲಿನ ಕೋರ್ಟು ದಂಡವನ್ನು ರದ್ದು ಮಾಡಿತು.

ರೂಸ್‌ವೆಲ್ಟ್ ಬಗ್ಗೆ ಒಂದು ಮಾತು. ಟ್ರಸ್ಟ್ ಮುರಿಯುವವನು ಅನ್ನುವ ಬಿರುದು ಅವನದು. ಈ ಪತ್ರಕರ್ತರನ್ನು ಕರೆದು ಊಟ ಹಾಕಿ ಮಾತಾಡುತ್ತಿದ್ದವನು. ಇವರ ಬರಹದ ಗಾಳಿಯಲ್ಲೇ ಅವನ ಹಡಗೂ ಸಾಗಿತು. ಆದರೆ 1906ರ ಏಪ್ರಿಲ್‌ 14ರಂದು ವಾಷಿಂಗ್ಟನ್‌ನಲ್ಲಿ ಒಂದು ಕಟ್ಟಡದ ಶಂಕುಸ್ಥಾಪನೆಗೆ ಬಂದು, ಜಾನ್ ಬನ್ಯನ್‌ನ ಹಳೆಯ ಧಾರ್ಮಿಕ ಕಥೆಯ ಒಂದು ಪಾತ್ರವನ್ನು ನೆನೆದ. ಕೈಯಲ್ಲಿ ಕೊಟ್ಟಿಗೆ ಕಸ ಬಳಿಯುವ ಹಲ್ಲಿನ ಕೋಲು, ಕಣ್ಣು ಸದಾ ಕಸದ ಮೇಲೆ, ತಲೆಯ ಮೇಲೆ ಚಿನ್ನದ ಕಿರೀಟ ಹಿಡಿದರೂ ಕತ್ತೆತ್ತಿ ನೋಡದವನು. ಕೆಲವು ಪತ್ರಕರ್ತರು ಹೀಗಾಗಿದ್ದಾರೆ ಅಂದ. ಅವನಿಗೆ ಸಿಟ್ಟು ಬಂದಿದ್ದು ಸೆನೆಟ್ ಸದಸ್ಯರ ಮೇಲೆ ಬೇರೊಂದು ಪತ್ರಿಕೆ ಬರೆದ ಸರಣಿಗೆ. ಪೆಟ್ಟು ಬಿದ್ದಿದ್ದು ಎಲ್ಲರಿಗೂ. ‘ಮಕ್‌ರೇಕರ್’ ಅನ್ನುವ ಹೆಸರು ಟಾರ್ಬೆಲ್‌ಗೂ ಅಂಟಿತು. ಆಕೆಗೆ ಅದು ಕೊನೆವರೆಗೂ ಹಿಡಿಸಲಿಲ್ಲ, ನಾನು ಇತಿಹಾಸ ಬರೆದವಳು ಅನ್ನುತ್ತಿದ್ದಳು. ಅಧಿಕಾರದಲ್ಲಿ ಇರುವವರು ಪತ್ರಕರ್ತರನ್ನು ಎಲ್ಲಿಯವರೆಗೆ ಮೆಚ್ಚುತ್ತಾರೆ, ಎಲ್ಲಿಂದ ಬೈಯುತ್ತಾರೆ ಅನ್ನೋದನ್ನು ನಾನು ವಿವರಿಸಬೇಕಿಲ್ಲ, ನೀವೂ ಟಿವಿ ನೋಡ್ತೀರಿ.

ಅದೇ ವರ್ಷ ನವೆಂಬರಿನಲ್ಲಿ ರೂಸ್‌ವೆಲ್ಟ್ ಸರ್ಕಾರವೇ ಶರ್ಮನ್ ಕಾಯ್ದೆಯಡಿ ಸ್ಟ್ಯಾಂಡರ್ಡ್ ಆಯಿಲ್ ಮೇಲೆ ದೊಡ್ಡ ಕೇಸು ಹಾಕಿತು. 1911ರ ಮೇ 15. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟ್ ತೀರ್ಪು ಓದಿದ. ಮುಂದಿದ್ದ ದಾಖಲೆ 23 ಸಂಪುಟ, ಸುಮಾರು 12,000 ಪುಟ. ಆರು ತಿಂಗಳಲ್ಲಿ ಕಂಪನಿ ಒಡೆಯಬೇಕು. 34 ತುಂಡು.

ಈಗ ಸೇಡು ತೀರಿತು ಅಂತ ಚಪ್ಪಾಳೆ ಹೊಡೆಯೋಣ ಅಂದರೆ, ಅಲ್ಲೊಂದು ತಮಾಷೆ ಆಯ್ತು. ರಾಕ್‌ಫೆಲ್ಲರ್ ಬಳಿ ಸುಮಾರು ಕಾಲು ಭಾಗ ಷೇರುಗಳಿದ್ದವು. ಕಂಪನಿ 34 ಆದಾಗ ಅವನಿಗೆ ಎಲ್ಲದರಲ್ಲೂ ಪಾಲು ಬಂತು. ಅಷ್ಟರಲ್ಲಿ ಫೋರ್ಡ್ ಕಾರು ರಸ್ತೆಗೆ ಇಳಿದಿತ್ತು. ಸೀಮೆಎಣ್ಣೆ ದೀಪವನ್ನು ವಿದ್ಯುತ್ ನುಂಗುತ್ತಿದ್ದರೆ, ಒಂದು ಕಾಲದಲ್ಲಿ ಬೇಡದ ಮಾಲಾಗಿದ್ದ ಪೆಟ್ರೋಲಿಗೆ ದೇಶವೇ ಕ್ಯೂ ನಿಂತಿತು. ತುಂಡು ಕಂಪನಿಗಳ ಷೇರು ಬೆಲೆ ಹಾರಿತು. ಒಡೆದಿದ್ದರಿಂದ ರಾಕ್‌ಫೆಲ್ಲರ್ ಮೊದಲಿಗಿಂತ ದೊಡ್ಡ ಶ್ರೀಮಂತನಾದ. 1937ರಲ್ಲಿ, 97ನೇ ವಯಸ್ಸಿನಲ್ಲಿ ಹಾಸಿಗೆ ಮೇಲೆ ನೆಮ್ಮದಿಯಾಗಿ ತೀರಿಕೊಂಡ. ತುಂಡುಗಳಲ್ಲಿ ದೊಡ್ಡದಾದ ಎರಡು, ಎಕ್ಸಾನ್ ಮತ್ತು ಮೊಬಿಲ್ ಎಂದು ಹೆಸರು ಬದಲಿಸಿಕೊಂಡು, 1999ರಲ್ಲಿ ಮತ್ತೆ ಒಂದಾದವು. ಸ್ಟ್ಯಾಂಡರ್ಡ್ ಆಯಿಲ್‌ನ ಎಸ್ ಮತ್ತು ಓ, ಎರಡೇ ಅಕ್ಷರ ಉಚ್ಚರಿಸಿ ನೋಡಿ. ಎಸ್ಸೋ! ಅಪ್ಪನ ಕಾಲದವರಿಗೆ ಈ ಹೆಸರಿನ ಬಂಕ್ ನೆನಪಿರುತ್ತೆ. 1974ರಲ್ಲಿ ಭಾರತ ಸರ್ಕಾರ ಎಸ್ಸೋವನ್ನು ವಶಕ್ಕೆ ತಗೊಂಡಿತು, ಅದರಿಂದಲೇ ಹಿಂದೂಸ್ತಾನ್ ಪೆಟ್ರೋಲಿಯಂ ಹುಟ್ಟಿತು. ನಮ್ಮ ರಸ್ತೆಯ ಎಚ್‌ಪಿ ಬಂಕಿನಲ್ಲಿ ಗಾಡಿ ನಿಲ್ಲಿಸಿದಾಗಲೆಲ್ಲ ಆ 39 ಹನಿ ಬೆಸುಗೆ ನೆನಪಾಗುತ್ತೆ.

ಹಾಗಾದರೆ ಆಕೆ ಬರೆದು ಆದದ್ದೇನು ಅಂತ ಕೇಳ್ತೀರಿ. ರಾಕ್‌ಫೆಲ್ಲರ್ ಬಡವನಾಗಲಿ ಅಂತ ಆಕೆ ಬರೆದಿರಲಿಲ್ಲ. ಇನ್ನೊಬ್ಬ ಫ್ರಾಂಕ್ಲಿನ್ ಕೊಟ್ಟ 80 ಸೆಂಟಿನಲ್ಲಿ 40 ಅವನ ವೈರಿಯ ಜೇಬಿಗೆ ಹೋಗದಂತೆ ಕಾನೂನು ಬಂತು. ಅಡ್ಡದಾರಿಯ ಪೈಪೋಟಿಯ ಮೇಲೆ ಕಣ್ಣಿಡಲು 1914ರಲ್ಲಿ ಒಂದು ಆಯೋಗವೇ ಬಂತು. ಇದನ್ನೆಲ್ಲ ನೋಡಲು ಅಪ್ಪ ಇರಲಿಲ್ಲ, ಅವನು 1905ರಲ್ಲೇ ಹೋಗಿದ್ದ.

ಆಕೆಯ ಬಗ್ಗೆ ನನಗೆ ಇವತ್ತಿಗೂ ಜೀರ್ಣವಾಗದ ಒಂದು ಸಂಗತಿಯನ್ನು ಮುಚ್ಚಿಟ್ಟರೆ ತಪ್ಪಾಗುತ್ತೆ. ದೇಶದ ಅತಿ ದೊಡ್ಡ ಕಂಪನಿಯ ಎದುರು ನಿಂತ ಈ ಹೆಂಗಸು, ಹೆಂಗಸರಿಗೆ ಮತದಾನದ ಹಕ್ಕು ಬೇಕು ಅನ್ನುವ ಚಳವಳಿಯನ್ನು ವಿರೋಧಿಸಿದಳು. ಹೆಣ್ಣಿನ ಕೆಲಸ ಮನೆಯಲ್ಲಿ ಅನ್ನುವ ಧಾಟಿಯಲ್ಲಿ ಬರೆದಳು, ತಾನು ಮದುವೆಯೂ ಆಗದೆ, ಬರೆದು ದುಡಿದು ಬದುಕಿದವಳು. ಜೊತೆಯ ಹೆಂಗಸರಿಗೆ ಇದರಿಂದ ಬಹಳ ನೋವಾಯ್ತು. 1944ರ ಜನವರಿಯಲ್ಲಿ, 86ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಆ 19 ಕಂತು ಎರಡು ಸಂಪುಟದ ಪುಸ್ತಕವಾಗಿದೆ. ಹಕ್ಕುಸ್ವಾಮ್ಯ ಮುಗಿದಿರೋದರಿಂದ ಈಗ ಉಚಿತವಾಗಿ ಓದಬಹುದು. ನಾನು ರಾತ್ರಿ ಪಾಳಿ ಮುಗಿಸಿ ಬಂದು ದಿನಕ್ಕೆ ಒಂದೊಂದು ಅಧ್ಯಾಯ ಓದಿದೆ. ಕೊನೆಯಲ್ಲಿ ಒಪ್ಪಂದ, ಸಾಕ್ಷಿ ಹೇಳಿಕೆ, ಬಾಡಿಗೆ ಪಟ್ಟಿಗಳನ್ನು ಆಕೆ ಇದ್ದ ಹಾಗೇ ಅಚ್ಚು ಹಾಕಿಸಿದ್ದಾಳೆ. ನೋಡೋಕೆ ಒಣ ಒಣ ಪುಟಗಳು. ಓದುವುದಾದರೆ ಅವನ್ನು ಹಾರಿಸಬೇಡಿ, ಆ ನಲವತ್ತು ಸೆಂಟು ಇರೋದು ಅಲ್ಲೇ.